ಎಂಬತ್ತೊಂಬತ್ತು ವರ್ಷದ ಹೆಸರು

ಕಳೆದ ಸೋಮವಾರ ನನ್ನ ಮೊಟ್ಟಮೊದಲ ನೋಟ್‌ಬುಕ್ಕಿನಿಂದ ಒಂದು ಪಟ್ಟಿ ಉದುರಿತು. ಗಾಯಕ್ಕೆ ಅಂಟಿಸುವ ಬಿಳಿ ಪ್ಲಾಸ್ಟರಿನ ತುಂಡು, ಎರಡು ಬೆರಳಿನಷ್ಟು ಉದ್ದ. ಅಂಟೆಲ್ಲ ಒಣಗಿ ಹಳದಿಯಾಗಿತ್ತು. ಮೇಲೆ ನೀಲಿ ಪೆನ್ನಿನಲ್ಲಿ ದುಂಡಗೆ ಬರೆದ ಒಂದು ಹೆಸರು: ಡಿಲಿಸ್. ಮೂಗಿಗೆ ಹಿಡಿದೆ. ಹದಿಮೂರು ವರ್ಷದ ಮೇಲೆ ಸ್ಪಿರಿಟ್ಟಿನ ವಾಸನೆ ಉಳಿದಿರಲಿಕ್ಕಿಲ್ಲ. ಆದರೂ ಬಂತು. ಅದರ ಹಿಂದೆಯೇ, ಆ ಹೆಸರು ಬರೆದ ನರ್ಸ್, ನಮ್ಮ ಸಿಸ್ಟರ್ ಕೂಡ ನೆನಪಿಗೆ ಬಂದರು…

ನೋಟ್‌ಬುಕ್ ತೆಗೆದದ್ದು ತಂಗಿಯ ಸಲುವಾಗಿ. ತನ್ನ ಹೆಸರಿನ ಅರ್ಥ ಏನು, ಎಲ್ಲಿಂದ ಬಂತು ಎಂದು ಒಂದು ಪುಟ ಬರೆದು ಶನಿವಾರದೊಳಗೆ ಶಾಲೆಗೆ ಕೊಡಬೇಕಂತೆ. "ಅಕ್ಕಾ, ಎಲ್ಲಾರದೂ ದೇವರ ಹೆಸರು, ಇಲ್ಲಾ ಹೂವಿನ ಹೆಸರು. ನಂದೊಂದ ಯಾಕ ಹಿಂಗ?" ಎಂದು ಗಂಟುಬಿದ್ದಿದ್ದಳು.

ಅವಳು ಹುಟ್ಟಿದಾಗ ನನಗೆ ಹತ್ತು ವರ್ಷ. ಏಳು ತಿಂಗಳಿಗೇ ಹುಟ್ಟಿದ್ದಳು. ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಅವಳನ್ನು ಕಾಚಿನ, ಅಂದರೆ ಗಾಜಿನ, ಪೆಟ್ಟಿಗೆಯೊಳಗೆ ಇಟ್ಟಿದ್ದರು. ಆಪರೇಷನ್ ಆಗಿದ್ದ ಅವ್ವ ಮೇಲಿನ ಮಹಡಿಯಲ್ಲಿ ಮಲಗಿದ್ದಳು. ಅಪ್ಪನಿಗೆ ಲಕಮನಹಳ್ಳಿಯ ಕಾರ್ಖಾನೆಯಲ್ಲಿ ಪಾಳಿ. ಹೀಗಾಗಿ ದಿನಾ ನಾಲ್ಕು ಗಂಟೆಗೆ ಹಳೇ ಹುಬ್ಬಳ್ಳಿಯ ನಮ್ಮ ಮನೆಯಿಂದ ಹೋಗುತ್ತಿದ್ದವರು ನಾನು ಮತ್ತು ಆಯಿ, ಅಂದರೆ ಅಪ್ಪನ ತಾಯಿ. ನಾಲ್ಕರಿಂದ ಐದರವರೆಗೆ ಕಾಚಿನ ಗೋಡೆಯ ಈಚೆ ನಿಲ್ಲಲು ಬಿಡುತ್ತಿದ್ದರು. ಅಲ್ಲಿಗೆ ಸಿಸ್ಟರ್ ಬಂದು ಅವತ್ತಿನ ತೂಕ ಹೇಳುತ್ತಿದ್ದರು. ನಾನು ಬರೆದುಕೊಳ್ಳುತ್ತಿದ್ದೆ. ಬರೆಯುವ ನನ್ನ ಚಟ ಶುರುವಾದದ್ದು ಅಲ್ಲಿಯೇ.

"ಏನ್ರಿ ಕ್ಲಾರ್ಕಬಾಯಿ, ಪುಸ್ತಕ ತಂದೀರೇನು?" ಎಂದು ದಿನಾ ಕೇಳುತ್ತಿದ್ದರು. ಐವತ್ತು ದಾಟಿದ ಹೆಂಗಸು, ಗಿಡ್ಡ, ನಗುವಾಗ ಕಣ್ಣು ಗೆರೆಯಾಗುತ್ತಿದ್ದವು.

ಮೊದಲನೇ ದಿನ 1,180 ಗ್ರಾಂ. ಐದನೇ ದಿನ 1,090. ಎಂಟನೇ ದಿನ 1,110. ಒಂಬತ್ತನೇ ದಿನ ಸಿಸ್ಟರ್ ಅವಸರದಲ್ಲಿ ಬಂದು "ಸಾವಿರದಾ ಎರಡನೂರಾ ಎಪ್ಪತ್ತು" ಎಂದು ಹೇಳಿ ಹೊರಳಿದರು. ಆಯಿ ಕೈಮುಗಿದಳು. ನಾನು ಬರೆದು, ಕಳೆದು ನೋಡಿದೆ.

"ಸಿಸ್ಟರ್, ಒಂದ ದಿನದಾಗ ನೂರಾ ಅರವತ್ತ ಗ್ರಾಂ ಹೆಂಗ ಏರ್ತದರಿ?"

ಅವರು ನಿಂತರು. ನನ್ನ ನೋಟ್‌ಬುಕ್ ಇಸಿದುಕೊಂಡು ಮೇಲಿಂದ ಕೆಳಗೆ ಓದಿದರು. ನೋಟ್‌ಬುಕ್ ಮರಳಿಸಿ ಒಳಗೆ ಹೋದರು. ಕಾಚಿನಿಂದ ಕಾಣುತ್ತಿತ್ತು, ಅವರ ಎರಡೂ ಕೈಯಲ್ಲಿ ಒಂದೊಂದು ಹಾಳೆ… ಅವ್ವನ ಹೆಸರಿನವಳೇ ಇನ್ನೊಬ್ಬ ತಾಯಿ ಅಲ್ಲಿದ್ದಳು. ಎರಡೂ ಕೂಸುಗಳ ಕಾಲಿನ ಪಟ್ಟಿಯ ಮೇಲೆ ಬರೀ ತಾಯಿಯ ಹೆಸರು. ತೂಕದ ಹಾಳೆಗಳು ಅದಲುಬದಲಾಗಿದ್ದವು. ಔಷಧಿ ಕೊಡುವುದು ತೂಕದ ಮೇಲೆ. ಅವತ್ತಿನ ಸಂಜೆಯ ಔಷಧಿ ಇನ್ನೂ ಕೊಟ್ಟಿರಲಿಲ್ಲ, ಅಷ್ಟೇ.

ಹೊರಗೆ ಬಂದಾಗ ಸಿಸ್ಟರ್ ಮುಖದಲ್ಲಿ ರಕ್ತವೇ ಇರಲಿಲ್ಲ. "ಛಲೋ ಮಾಡಿದ್ರಿ, ಕ್ಲಾರ್ಕಬಾಯಿ" ಎಂದರು, ನಗದೆ. ಆಮೇಲೆ ಆಯಿಯ ಕಡೆ ತಿರುಗಿ, "ಆಯಿ, ಕೂಸಿಗೆ ಒಂದ ಹೆಸರ ಬೇಕರಿ. ಈಗಿಂದೀಗ" ಎಂದರು.

"ಇಡೂದಿಲ್ಲರಿ" ಎಂದಳು ಆಯಿ. "ಮನಿ ಹೊಸ್ತಲಾ ದಾಟಿ ಒಳಗ ಬರಲಿ, ಆಮ್ಯಾಲ."

ಅದಕ್ಕೆ ಕಾರಣವಿತ್ತು. ನನ್ನ ನಂತರ ಒಬ್ಬ ತಮ್ಮ ಹುಟ್ಟಿದ್ದ. ಹನ್ನೆರಡನೇ ದಿನ ತೊಟ್ಟಿಲಿಗೆ ಹಾಕಿ, ಊರಿಗೆಲ್ಲ ಸಕ್ಕರೆ ಹಂಚಿ ಚಂದದ ಹೆಸರಿಟ್ಟರು. ಮರುದಿನ ಹೋದ. ಹೆಸರು ಕೂಗಿ ತಾನೇ ಸಾವಿಗೆ ಮನೆ ತೋರಿಸಿಕೊಟ್ಟೆ ಎಂದು ಆಯಿ ನಂಬಿಬಿಟ್ಟಿದ್ದಳು. "ಬೇಕಂದ್ರ ತಿಪ್ಪವ್ವ ಅಂತ ಬರೀರಿ" ಎಂದಳು. ಆಕೆಯ ತವರೂರು ಶಿರಗುಪ್ಪಿಯಲ್ಲಿ, ಒಂದು ಕೂಸು ಹೋದ ಮೇಲೆ ಹುಟ್ಟಿದ ಕೂಸುಗಳಿಗೆ ತಿಪ್ಪೆಯ ಹೆಸರನ್ನೇ ಇಡುತ್ತಿದ್ದರಂತೆ, ಯಮನಿಗೆ ಬೇಡವಾಗಲಿ ಎಂದು. ಆದರೆ ಆಯಿ ಮೊದಲೇ ಒಮ್ಮೆ ಆ ಹೆಸರು ಎತ್ತಿದ್ದಳು; ಅದು ಕಿವಿಗೆ ಬಿದ್ದ ದಿನದಿಂದ ಅವ್ವ ಮಲಗಿದಲ್ಲೇ ಅಳುತ್ತಿದ್ದಳು.

ಸಿಸ್ಟರ್‌ಗೆ ಅದೂ ಗೊತ್ತಿತ್ತು. "ಅದು ಬ್ಯಾಡರಿ. ನಮ್ಮವ್ವನ ಹೆಸರ ಬರೀತೇನಿ. ಡಿಲಿಸ್."

"ಅದ್ಯಾತರ ಹೆಸರವಾ? ಅರ್ಥ ಏನ?"

"ಅರ್ಥ ಏನಿಲ್ಲರಿ. ಸುಮ್ಮನ ಒಂದ ಹೆಸರ. ಸಮುದ್ರದ ಆಚೀದು."

ಆಯಿ ಬಾಯಲ್ಲಿ ಅದನ್ನು ಹೊರಳಿಸಿ ನೋಡಿದಳು. ದಿಲ್ಲೀಸ ಎಂದಳು, ದಿಲೀಸ ಎಂದಳು. "ನನಗ ನಾಲಿಗಿ ಹೊಳ್ಳೂದಿಲ್ಲ ಅಂದ್ರ ಯಮಗೂ ಹೊಳ್ಳೂದಿಲ್ಲ, ಬಿಡ್ರಿ" ಎಂದಳು. ಆಮೇಲೆ ತಟ್ಟನೆ, "ನಿಮ್ಮವ್ವ ಎಷ್ಟ ವರ್ಷ ಬದುಕಿದ್ಲು?"

ಸಿಸ್ಟರ್ ಕೈಯಲ್ಲಿ ಪಟ್ಟಿಯ ತುಂಡಿತ್ತು, ಬರೆಯಲೆಂದು ಒಂದು ರಟ್ಟಿನ ಮೇಲೆ ಆಗಲೇ ಅಂಟಿಸಿದ್ದರು. ಅದರ ಮೂಲೆಯನ್ನು ಹೆಬ್ಬೆರಳಿನಿಂದ ಮತ್ತೆ ಒತ್ತಿದರು. ಇನ್ನೊಮ್ಮೆ ಒತ್ತಿದರು.

"ಎಂಬತ್ತೊಂಬತ್ತ."

"ಎಂಬತ್ತೊಂಬತ್ತ!" ಆಯಿ ಸೆರಗು ಸರಿಮಾಡಿಕೊಂಡಳು. "ಹಂಗಾರ ಬರೀರಿ. ದಪ್ಪಗ ಬರೀರಿ."

ಒಂಬತ್ತನೇ ದಿನದ ಸಾಲಿನಲ್ಲಿ ನಾನೂ ಬರೆದೆ: ಡಿಲಿಸ್. 89.

ಮರುದಿನ ಸಿಸ್ಟರ್ ನನ್ನನ್ನು ಪಕ್ಕಕ್ಕೆ ಕರೆದರು. ಇಂಗ್ಲೆಂಡಿನ ಪಶ್ಚಿಮಕ್ಕೆ ವೇಲ್ಸ್ ಎಂಬ ಗುಡ್ಡಗಾಡು ನಾಡಿದೆ, ಅದಕ್ಕೆ ತನ್ನದೇ ಭಾಷೆ ಇದೆ ಎಂದರು. ಆ ಭಾಷೆಯಲ್ಲಿ ಡಿಲಿಸ್ ಎಂದರೆ ನಿಜವಾದದ್ದು, ಖಾತ್ರಿಯಾದದ್ದು. ರಾಣಿಯದಲ್ಲ, ದೇವತೆಯದಲ್ಲ, ದಿನಬಳಕೆಯ ಮಾತೊಂದನ್ನು ಒಂದೂವರೆ ನೂರು ವರ್ಷದ ಹಿಂದೆ ಅಲ್ಲಿಯ ಜನ ಹೆಣ್ಣುಮಕ್ಕಳಿಗೆ ಇಡಲು ಶುರುಮಾಡಿದರಂತೆ. ಅಲ್ಲಿಂದ ಬಂದ ಪಾದ್ರಿಗಳು ನಮ್ಮ ದೇಶದ ಈಶಾನ್ಯದ ಖಾಸಿ ಗುಡ್ಡಗಳಲ್ಲಿ ಶಾಲೆ ತೆರೆದಾಗ ಹೆಸರುಗಳೂ ಅವರ ಜೊತೆ ಬಂದವು. ಸಿಸ್ಟರ್ ತಾಯಿ ಹುಟ್ಟಿದ್ದು ಅಲ್ಲಿ. ರೈಲ್ವೆ ನೌಕರನನ್ನು ಮದುವೆಯಾಗಿ ಹುಬ್ಬಳ್ಳಿಗೆ ಬಂದವರು.

"ಈ ಅರ್ಥ ಆಯಿಗೆ ಹೇಳಬ್ಯಾಡ" ಎಂದರು. "ಛಲೋ ಅರ್ಥ ಅಂತ ತಿಳಿದ್ರ ದೃಷ್ಟಿ ತಾಗ್ತದ ಅಂತ ತೆಗಿಸಿಬಿಡ್ತಾರ. ಪುಸ್ತಕದಾಗ ಇಟ್ಕೊ."

ಇಟ್ಟುಕೊಂಡೆ. ಹದಿನಾಲ್ಕನೇ ದಿನ ತಂಗಿಗೆ ನಂಜೇರಿತು. ಮೂರು ದಿನ ಯಾರೂ ತೂಕ ಹೇಳಲಿಲ್ಲ. ನೋಟ್‌ಬುಕ್ಕಿನಲ್ಲಿ ಮೂರು ಖಾಲಿ ಗೆರೆಗಳಿವೆ, ಈಗಲೂ ನೋಡಲು ಧೈರ್ಯ ಬೇಕು. ಸಿಸ್ಟರ್ ಒಳಗಿನಿಂದ ಬಂದು, "ಇಲ್ಲಿಂದನ ಹೆಸರ ಹಿಡಿದ ಕರೀರಿ" ಎಂದರು. ಹೆಸರೇ ಬೇಡ ಎಂದಿದ್ದ ಆಯಿ ಕಾಚಿಗೆ ಹಣೆ ಹಚ್ಚಿ ಐದು ಗಂಟೆಯವರೆಗೆ "ದಿಲ್ಲೀಸಾ… ದಿಲ್ಲೀಸಾ…" ಎಂದು ಕರೆದಳು. ಆಕೆಯ ಉಸಿರಿನಿಂದ ಕಾಚು ಮಬ್ಬಾಗುತ್ತಿತ್ತು. ನಾನು ಅಂಗಿಯಿಂದ ಒರೆಸುತ್ತಿದ್ದೆ.

ಹದಿನೇಳನೇ ದಿನ 1,150. ನಲವತ್ಮೂರನೇ ದಿನ 1,840, ಮನೆಗೆ. ಹೊರಡುವಾಗ ಸಿಸ್ಟರ್ ಪಟ್ಟಿಯನ್ನು ಮೆಲ್ಲಗೆ ಕಾಲಿನಿಂದ ಬಿಡಿಸಿ, "ತಗೋರಿ ಕ್ಲಾರ್ಕಬಾಯಿ, ನಿಮ್ಮ ಆಫೀಸಿಗೆ" ಎಂದು ನನ್ನ ಕೈಗೆ ಕೊಟ್ಟರು.

ತೊಟ್ಟಿಲ ದಿನ ಅಪ್ಪ ಬೇರೆ ಹೆಸರು ಆರಿಸಿದ್ದ. ಆಯಿ ರೇಗಿದಳು: "ಎಂಬತ್ತೊಂಬತ್ತರ ಹೆಸರ ಬಿಟ್ಟ ಕೊಡ್ತೀಯೇನೋ ಶಾಣ್ಯಾ?" ಸೋದರತ್ತೆ ಕೂಸಿನ ಕಿವಿಯಲ್ಲಿ ಅದನ್ನೇ ತೊದಲಿದಳು. ಹೆಂಗಸರು ನಕ್ಕು, ಹೆಸರಿಡುವವಳಿಗೆ ಹಾಕುವ ಶಾಸ್ತ್ರದ ಗುದ್ದಿನ ಜೊತೆಗೆ, ತಪ್ಪಿದ ಪ್ರತಿಸಲವೂ ಅವಳ ಬೆನ್ನಿಗೆ ಒಂದೊಂದು ಹೆಚ್ಚಿನ ಗುದ್ದು ಹಾಕಿದರು. ಅಂದಿನಿಂದ ಪ್ರತಿ ಹುಟ್ಟುಹಬ್ಬಕ್ಕೂ ಆಯಿ ಬೆರಳು ಮಡಚಿ ಎಣಿಸುತ್ತಾಳೆ. ಈ ವರ್ಷ, "ಇನ್ನ ಎಪ್ಪತ್ತಾರ ಅದಾವ" ಎಂದಳು.

ಮೊದಲ ನಾಲ್ಕು ಹುಟ್ಟುಹಬ್ಬಕ್ಕೆ ಸಿಸ್ಟರ್ ಮನೆಗೆ ಹೋಳಿಗೆ ಒಯ್ದೆವು. ಆಮೇಲೆ… ಯಾಕೋ ನಿಂತಿತು. 'ಸಿಸ್ಟರ್ ಮನೆಗೆ ಹೋಗಬೇಕು' ಎಂದು ನನ್ನ ಡೈರಿಗಳಲ್ಲಿ ಹನ್ನೊಂದು ಸಲ ಬರೆದಿದೆ. ಈಗ ಎಣಿಸಿದೆ.

ಬುಧವಾರ ಹೋದೆ. ಬಾಗಿಲು ತೆಗೆದವರು ಬೇರೆಯವರು. "ಅವರ ಹೋಗಿ ಎರಡ ವರ್ಷ ಆತಲ್ಲವಾ" ಎಂದರು. ಸಮಾಧಿ ಎಲ್ಲಿದೆ ಎಂದೂ ಹೇಳಿದರು.

ಸಿಸ್ಟರ್ ಕಲ್ಲು ಹೊಸದಿತ್ತು. ಅರವತ್ತೆಂಟು ವರ್ಷ. ಪಕ್ಕದಲ್ಲಿ ಹಳೆಯದೊಂದು, ಪಾಚಿ ಕಟ್ಟಿದ್ದು. ಕರವಸ್ತ್ರದಿಂದ ಒರೆಸಿದೆ. ಡಿಲಿಸ್ ಎಂದಿತ್ತು. ಕೆಳಗೆ ಎರಡು ಇಸವಿ. ಕಳೆದೆ. ತಪ್ಪಿರಬೇಕೆಂದು ಮತ್ತೊಮ್ಮೆ ಕಳೆದೆ. ಮೂವತ್ತೊಂದು. ಆಗ ಸಿಸ್ಟರ್‌ಗೆ ಆರು ವರ್ಷ.

ಬಸ್ಸಿನಲ್ಲಿ ಕೂತು ಡೈರಿಯಲ್ಲಿ ಮೂವತ್ತೊಂದರಿಂದ ಹದಿಮೂರು ಕಳೆದು ಹದಿನೆಂಟು ಎಂದು ಬರೆದೆ. ಬರೆದದ್ದು ಏನೆಂದು ತಿಳಿದ ಕೂಡಲೇ ಕಾಗದ ಹರಿಯುವಂತೆ ಗೀಚಿ ಹಾಕಿದೆ. ಇಂಥದ್ದನ್ನೆಲ್ಲ ನಾನು ನಂಬುವುದಿಲ್ಲ. ಆದರೂ ಅವತ್ತಿನಿಂದ ತಂಗಿ ಕೆಮ್ಮಿದರೆ ಎಣಿಕೆ ತಾನಾಗಿ ಶುರುವಾಗುತ್ತದೆ. ಬುಧವಾರ ನಾಲ್ಕು ಸಲ. ಗುರುವಾರ ಎರಡು.

ನಿನ್ನೆ ಶುಕ್ರವಾರ ತಂಗಿ ಪುಟ ಬರೆಯಲು ಕೂತಳು. ಹೆಸರಿನ ಅರ್ಥವನ್ನು ಮೊದಲ ಸಲ ಎಲ್ಲರೆದುರು ಹೇಳಿದೆ. ಆಯಿ, "ಖಾತ್ರಿ ಅಂತೇನು? ಆ ನರ್ಸಬಾಯಿ ನನಗ ಸುಳ್ಳ ಹೇಳಿದ್ಲಲ್ಲ!" ಎಂದು ನಕ್ಕಳು. "ಆರಾಮ ಅದಾಳೇನ?"

ಇಲ್ಲ ಎಂದೆ.

ಆಯಿ ಕೈಮುಗಿದಳು. ಆಮೇಲೆ, "ಎಷ್ಟಾಗಿತ್ತ?"

"ಅರವತ್ತೆಂಟ."

"ಅಯ್ಯ… ಅವರವ್ವನಷ್ಟ ಬರಲಿಲ್ಲ ನೋಡ."

ತಂಗಿ ಪೆನ್ನು ಎತ್ತಿ ಹಿಡಿದು ನನ್ನನ್ನೇ ನೋಡುತ್ತಿದ್ದಳು. "ಅಕ್ಕಾ, ಅವರವ್ವ ಎಂಬತ್ತೊಂಬತ್ತ ವರ್ಷ ಬದುಕಿದ್ರು ಅಂತನೂ ಬರೀಲೇನ?"

ನೋಟ್‌ಬುಕ್ ನನ್ನ ತೊಡೆಯ ಮೇಲೆ ಒಂಬತ್ತನೇ ದಿನಕ್ಕೆ ತೆರೆದಿತ್ತು. ತಪ್ಪು ಅಂಕಿ ಕಂಡರೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯುವುದು ನನ್ನ ರೂಢಿ. ಪಟ್ಟಿಯನ್ನು ಆ 89ರ ಕೆಳಗೆ ಇಟ್ಟು ಅದರ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿದೆ. ಅಂಟಲಿಲ್ಲ. ಇನ್ನೊಮ್ಮೆ ಒತ್ತಿದೆ.

"ಬರಿ" ಎಂದೆ.