ಆರ್ಡಿತ್ ಟಿಲ್‌ಮನ್ ಮತ್ತು ಒಂಬತ್ತನೇ ಪುಟ

ಸೆನೆಟರ್ ಲ್ಯಾಟಿಮೋರ್ ಕಚೇರಿಯಿಂದ ಫೋನ್ ಬಂದಾಗ ಆರ್ಡಿತ್ ಟಿಲ್‌ಮನ್ ಅಡುಗೆಮನೆಯಲ್ಲಿ ನಿಂತು ಸಿಹಿಗೆಣಸಿನ ಸಿಪ್ಪೆ ತೆಗೆಯುತ್ತಿದ್ದಳು. ಸಣ್ಣ ಪಕ್ಷಗಳ ಹೆಸರು ಮತಪತ್ರದಲ್ಲಿ ಬರುವುದನ್ನು ಸುಲಭ ಮಾಡಲು ಸಾಹೇಬರು ಒಂದು ಮಸೂದೆ ತರುತ್ತಿದ್ದಾರೆ, ಎರಡು ವಾರ ಬಿಟ್ಟು ಬರುವ ಮಂಗಳವಾರ ರಾಜಧಾನಿಗೆ ಬಂದು ಸಮಿತಿಯ ಮುಂದೆ ಎರಡು ನಿಮಿಷ ಅದರ ಪರವಾಗಿ ಮಾತಾಡಬೇಕು ಎಂದಳು ಫೋನಿನಲ್ಲಿದ್ದ ಹುಡುಗಿ.

"ನನ್ನ ನಂಬರ್ ನಿಮಗೆ ಯಾರು ಕೊಟ್ಟರು?" ಎಂದಳು ಆರ್ಡಿತ್.

"ಅದು ನಂಗೆ ಗೊತ್ತಿಲ್ಲ ಮಿಸಸ್ ಟಿಲ್‌ಮನ್. ಸಾಹೇಬರೇ ಹೇಳಿದ್ದು, ನಿಮ್ಮನ್ನ ಕರೀಲೇಬೇಕು ಅಂತ."

"ನೋಡ್ತೀನಿ" ಎಂದು ಫೋನಿಟ್ಟಳು. ಗೆಣಸು ಅರ್ಧ ಹೆರೆದ ಹಾಗೇ ಕೂತಿತ್ತು. ಲ್ಯಾಟಿಮೋರ್ ಆಳುವ ಪಕ್ಷದವನು, ಮೂರು ಸಲ ಗೆದ್ದವನು. ಅಂಥವನು ತನ್ನ ಬಾಗಿಲನ್ನು ತಾನೇ ತೆರೆದು ಬನ್ನಿ ಬನ್ನಿ ಎನ್ನುತ್ತಿದ್ದಾನೆಂದರೆ ಒಳಗೆ ಏನಿಟ್ಟಿದ್ದಾನೆ ಎಂದು ಮೊದಲು ನೋಡಬೇಕು.

ಆರ್ಡಿತ್ ಹುಟ್ಟಿನಿಂದ ಅನುಮಾನದವಳಲ್ಲ. ಮೂವತ್ತೊಂದು ವರ್ಷ ಕ್ವಿಲೆನ್ ಕೌಂಟಿಯ ಹಳ್ಳಿದಾರಿಗಳಲ್ಲಿ ಟಪಾಲು ಹಂಚಿದವಳು. ಗಂಡ ತೀರಿಕೊಂಡ ಮೇಲೂ ಒಂದು ದಿನ ತಪ್ಪಿಸದೆ ನಾನೂರ ಹನ್ನೆರಡು ಮನೆಗಳ ಪೆಟ್ಟಿಗೆ ತೆರೆದು ಮುಚ್ಚಿದವಳು. ಯಾರ ನಾಯಿ ಕಚ್ಚುತ್ತದೆ, ಯಾರ ಮಗ ಸೈನ್ಯದಿಂದ ಪತ್ರ ಬರೆಯುವುದನ್ನು ನಿಲ್ಲಿಸಿದ, ಯಾರು ಬಿತ್ತನೆ ಬೀಜದ ಪಟ್ಟಿಗಾಗಿ ಜನವರಿಯಲ್ಲೇ ಗೇಟಿನ ಹತ್ತಿರ ಕಾಯುತ್ತಾರೆ, ಎಲ್ಲ ಗೊತ್ತು. ಆ ಕೆಲಸದಲ್ಲಿರುವಷ್ಟು ಕಾಲ ಪಕ್ಷದ ಗೊಡವೆಗೆ ಹೋಗುವ ಹಾಗಿರಲಿಲ್ಲ. ಆದರೆ ಪ್ರತಿ ಚುನಾವಣೆಯಲ್ಲೂ ಕೌಂಟಿಯ ಆಡಳಿತ ನಡೆಸುವ ಕಮಿಷನರ್ ಜಾಗಕ್ಕೆ ಮತಪತ್ರದಲ್ಲಿ ಒಂದೇ ಹೆಸರು. ಹತ್ತೊಂಬತ್ತು ವರ್ಷ ಒಂದೇ ಹೆಸರು, ಅದೇ ಹೆಸರು. ಅದರ ಪಕ್ಕದ ಚೌಕವನ್ನು ಆಕೆ ಖಾಲಿ ಬಿಟ್ಟು ಬರುತ್ತಿದ್ದಳು. ನಿವೃತ್ತಿಯಾದ ಮರುವಾರವೇ ಟೌನ್‌ಶಿಪ್ ಪಾರ್ಟಿ ಎಂಬ ಪುಟ್ಟ ಪಕ್ಷ ಸೇರಿದಳು. ಇಡೀ ಕೌಂಟಿಯಲ್ಲಿ ಅದಕ್ಕೆ ಆಗ ಒಬ್ಬನೇ ಸದಸ್ಯ, ಕ್ಷೌರದಂಗಡಿಯ ರಾಯ್ಸ್ ಹಕಬಿ. ಅವಳು ಹೋದ ದಿನ ಅವನು, "ಬಾ ತಾಯಿ, ಇನ್ನು ಮೀಟಿಂಗ್ ಮಾಡಿದ್ರೆ ನನಗೆ ನಾನೇ ಉತ್ತರ ಕೊಡ್ಕೊಳೋದು ತಪ್ಪುತ್ತೆ" ಎಂದಿದ್ದ.

ಪಕ್ಷದ ಹೆಸರು ಮತಪತ್ರಕ್ಕೆ ಬರಬೇಕಾದರೆ ರಾಜ್ಯದಾದ್ಯಂತ ತೊಂಬತ್ತು ದಿನದಲ್ಲಿ ನಲವತ್ತಮೂರು ಸಾವಿರ ಸಹಿ ಬೇಕಿತ್ತು. ನಾಲ್ಕು ವರ್ಷದ ಹಿಂದೆ ಇಬ್ಬರೂ ಮೇವಿನ ಅಂಗಡಿಯ ಮುಂದೆ, ಚರ್ಚಿನ ಅಂಗಳದಲ್ಲಿ, ಕೊರೆವ ಗಾಳಿಯಲ್ಲಿ ನಿಂತು ಸಹಿ ಮಾಡಿಸಿದ್ದರು. ರಾಯ್ಸ್ ನಗಿಸುತ್ತಿದ್ದ, ಆರ್ಡಿತ್ ಪೆನ್ನು ಕೊಡುತ್ತಿದ್ದಳು. ತಮ್ಮ ಪಾಲಿನದನ್ನು ಪೂರೈಸಿ ಕೊಟ್ಟರು. ಕೌಂಟಿಯ ಚುನಾವಣಾ ಕಚೇರಿಯವರು ಅದರಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಸಹಿ ಹೊಡೆದುಹಾಕಿದರು. ಪಕ್ಷದ ಹೆಸರು ಮತಪತ್ರಕ್ಕೆ ಬರಲೇ ಇಲ್ಲ. ವಾಪಸು ಬಂದ ಹಾಳೆಗಳನ್ನು ನೋಡುತ್ತ ಕೂತಾಗ ಓಪಲ್ ಡನವೇ ಎಂಬ ಮುದುಕಿಯ ಹೆಸರಿನ ಮೇಲೆ ಕೆಂಪು ಗೆರೆ ಕಂಡಿತು. ಪಕ್ಕದಲ್ಲಿ ಷರಾ: ಇಂಥ ವಿಳಾಸವಿಲ್ಲ. ಆ ಮನೆಯ ಪೆಟ್ಟಿಗೆಗೆ ಆರ್ಡಿತ್ ಇಪ್ಪತ್ತೆರಡು ವರ್ಷ ಟಪಾಲು ಹಾಕಿದ್ದಳು. ಮುದುಕಿ ಕೊಡುತ್ತಿದ್ದ ಪೆಕಾನ್ ಪೈ ತಿಂದಿದ್ದಳು. ಅವತ್ತಿನಿಂದ ಆಕೆ ಯಾರು ಏನು ಹೇಳಿದರೂ ಒಂದು ಸಲ ತಿರುಗಿಸಿ ನೋಡದೆ ಬಿಡುವವಳಲ್ಲ.

ಫೋನ್ ಬಂದ ಸಂಗತಿ ರಾಯ್ಸ್‌ಗೆ ಹೇಳಿದಾಗ ಅವನು ತಡಮಾಡದೆ, "ಹೋಗು. ನಲವತ್ತಮೂರು ಸಾವಿರ ಇದ್ದದ್ದು ಹತ್ತು ಸಾವಿರಕ್ಕೆ ಇಳೀತದಂತೆ. ಇನ್ನೇನು ಬೇಕು ನಿನಗೆ?" ಎಂದ.

"ಹತ್ತು ಸಾವಿರ ಅಂತ ನಿನಗೆ ಹೇಗೆ ಗೊತ್ತು? ನಾನು ಹೇಳಲಿಲ್ಲವಲ್ಲ."

"ಪೇಪರಲ್ಲಿ ಬಂದಿತ್ತು" ಎಂದ ರಾಯ್ಸ್, ಬೇರೆ ಕಡೆ ನೋಡುತ್ತ.

ಪೇಪರಿನಲ್ಲಿ ಬಂದಿರಲಿಲ್ಲ. ಆಕೆ ಮನೆಗೆ ಹೋಗಿ ಇಡೀ ವಾರದ್ದನ್ನು ತಿರುವಿ ನೋಡಿದಳು. ಎಲ್ಲೂ ಇಲ್ಲ.

ಗುರುವಾರ ಮಧ್ಯಾಹ್ನ ಔಷಧಿ ತರಲು ಪೇಟೆಗೆ ಹೋದವಳು ನದಿ ದಂಡೆಯ ಮೀನಿನ ಹೋಟೆಲ್ ಮುಂದೆ ಕಾರು ನಿಧಾನಿಸಿದಳು. ಕಿಟಕಿ ಪಕ್ಕದ ಮೇಜಿನಲ್ಲಿ ರಾಯ್ಸ್ ಕೂತಿದ್ದ. ಎದುರಿಗೆ ಕರಿದ ಮೀನಿನ ತಟ್ಟೆ, ಅದರಾಚೆ ಸೆನೆಟರ್ ಕಾಯ್ ಲ್ಯಾಟಿಮೋರ್. ರಾಯ್ಸ್ ಕೈ ಬೀಸಿ ಬೀಸಿ ಏನೋ ಹೇಳುತ್ತಿದ್ದ. ಸೆನೆಟರ್ ಕಾಗದದ ಕರವಸ್ತ್ರದ ಮೇಲೆ ಬರೆದುಕೊಳ್ಳುತ್ತಿದ್ದ.

ಮರುದಿನ ಆಕೆ ಸುಮ್ಮನೆ ಮಾತಿಗೆ ಕೇಳುವಂತೆ ಕೇಳಿದಳು. "ನಿನ್ನೆ ಮಧ್ಯಾಹ್ನ ಎಲ್ಲಿದ್ದೆ? ಅಂಗಡಿ ಮುಚ್ಚಿತ್ತು."

"ಹಲ್ಲಿನ ಡಾಕ್ಟರ ಹತ್ತಿರ. ಈ ದವಡೆ ಹಲ್ಲು ಜೀವ ತಿಂತಾ ಇದೆ."

"ಹೌದಾ. ಕೀಳಿಸಿದೆಯಾ?"

"ನೋಡೋಣ ಅಂದ್ರು."

ಏಳು ವರ್ಷದ ಜೊತೆಗಾರ ಮುಖಕ್ಕೆ ಮುಖ ಕೊಟ್ಟು ಸುಳ್ಳು ಹೇಳುತ್ತಿದ್ದಾನೆ. ಹಾಗಾದರೆ ನಾಲ್ಕು ವರ್ಷದ ಹಿಂದೆ ಹೊಡೆದುಹಾಕಿದ ಸಹಿಗಳೆಲ್ಲ ಯಾರ ಹಾಳೆಗಳಲ್ಲಿದ್ದವು? ಕಚೇರಿಗೆ ಹಾಳೆಗಳನ್ನು ಒಯ್ದು ಕೊಟ್ಟವನು ಯಾರು? ಒಂದನ್ನು ಎಳೆದರೆ ಇನ್ನೊಂದು ಬರುತ್ತ ಹೋಯಿತು. ಅವನು ಹಿಂದೆ ಆಡಿದ್ದ ತಮಾಷೆಗಳಿಗೂ ಈಗ ಬೇರೆ ಅರ್ಥ ಹೊಳೆಯತೊಡಗಿತು. ಅವತ್ತು ಸಂಜೆಯೇ ಪಕ್ಷದ ರಾಜ್ಯ ಕಾರ್ಯದರ್ಶಿ ವಿನೋನಾ ಸ್ಪ್ರೌಲ್‌ಗೆ ಪತ್ರ ಬರೆದಳು: ರಾಯ್ಸ್ ಹಕಬಿ ಸೆನೆಟರ್ ಕಡೆಯವನು ಎಂದು ಕಾಣುತ್ತದೆ, ಅವನ ಕೈಗೆ ಇನ್ನು ಹಾಳೆ ಕೊಡಬೇಡಿ. ಬರೆದು, ಮತ್ತೆ ಓದಿ, 'ಎಂದು ಕಾಣುತ್ತದೆ' ಎಂಬುದನ್ನು ಹೊಡೆದುಹಾಕಿದಳು.

ಆಮೇಲೆ ಮಸೂದೆಯ ಪ್ರತಿ ತರಿಸಿಕೊಂಡು ಅಡುಗೆಮನೆಯ ಮೇಜಿನ ಮೇಲೆ ಹರವಿಕೊಂಡಳು. ಹನ್ನೊಂದು ಪುಟ. ಮೊದಲ ಪುಟದಲ್ಲಿ ಹತ್ತು ಸಾವಿರ ಎಂದು ಸ್ಪಷ್ಟವಾಗಿಯೇ ಇತ್ತು. ಅದೇ ಅವಳನ್ನು ಹೆದರಿಸಿತು. ಎರಡು ಸಲ ಓದಿದರೂ ಏನೂ ಸಿಕ್ಕಲಿಲ್ಲ. ಮೂರನೇ ಸಲ ಒಂಬತ್ತನೇ ಪುಟದಲ್ಲಿ ಬೆರಳು ನಿಂತಿತು. ಸಹಿ ಹಾಕಿದವನು ಬರೆದ ವಿಳಾಸ ಮತದಾರರ ಪಟ್ಟಿಯ ವಿಳಾಸಕ್ಕೆ ಅಕ್ಷರ ಅಕ್ಷರವೂ ಹೊಂದಬೇಕು, ಇಲ್ಲವಾದರೆ ಸಹಿ ಅಸಿಂಧು. ಅದರ ಕೆಳಗೇ ಇನ್ನೊಂದು ಸಾಲು. ಹಾಳೆ ಸಲ್ಲಿಸುವ ಕೊನೆಯ ದಿನ ಮೇ ತಿಂಗಳಲ್ಲಿದ್ದದ್ದು ಹಿಂದಿನ ಡಿಸೆಂಬರಿಗೆ ಹೋಗಿತ್ತು. ಚುನಾವಣೆಗೆ ಹನ್ನೊಂದು ತಿಂಗಳಿರುವಾಗ, ಯಾರ ತಲೆಯಲ್ಲೂ ಚುನಾವಣೆ ಇಲ್ಲದಾಗ.

ವಿಳಾಸದ ಮಾತು ಬೇರೆ ಯಾರಿಗಾದರೂ ಸಣ್ಣದು ಎನಿಸುತ್ತಿತ್ತು. ಆರ್ಡಿತ್‌ಗೆ ಅನಿಸಲಿಲ್ಲ. ಆಕೆ ಕೆಲಸದಲ್ಲಿದ್ದ ಕೊನೆಯ ವರ್ಷಗಳಲ್ಲಿ, ಆಂಬುಲೆನ್ಸಿಗೆ ಮನೆ ಸಿಗಲಿ ಎಂದು ಕೌಂಟಿ ಹಳ್ಳಿದಾರಿಗಳಿಗೆಲ್ಲ ಹೊಸ ಹೆಸರು, ಮನೆಗಳಿಗೆ ಹೊಸ ನಂಬರ್ ಕೊಟ್ಟಿತ್ತು. 'ಎರಡನೇ ದಾರಿ, ಹದಿನಾಲ್ಕನೇ ಪೆಟ್ಟಿಗೆ' ಇದ್ದದ್ದು 'ಗ್ರಾವೆಲ್ ಪಿಟ್ ರಸ್ತೆ, 418' ಆಯಿತು. ಜನ ಬರೆಯುವುದು ಹೊಸದನ್ನು. ಪಟ್ಟಿಯಲ್ಲಿ?

ಮತದಾರರ ಪಟ್ಟಿ ಯಾರು ಕೇಳಿದರೂ ಕೊಡಬೇಕಾದದ್ದು. ತರಿಸಿಕೊಂಡು, ತನ್ನ ಹಳೆಯ ದಾರಿಯ ಮನೆಗಳನ್ನು ಒಂದೊಂದಾಗಿ ಮೂರು ದಿನ ಕೂತು ನೋಡಿದಳು. ನೂರ ಮೂವತ್ತೇಳು ಮನೆ ಇನ್ನೂ ಹಳೆಯ ಪೆಟ್ಟಿಗೆ ನಂಬರಿನಲ್ಲೇ ಇದ್ದವು. ಓಪಲ್ ಡನವೇ ಕೂಡ. ಆಗ ಕಚೇರಿಯವರು ತಮ್ಮ ಇಷ್ಟಕ್ಕೆ ಮಾಡಿದ್ದನ್ನು ಈಗ ಕಾನೂನೇ ಮಾಡುವಂತೆ ಬರೆದಿದ್ದರು. ನಲವತ್ತಮೂರನ್ನು ಹತ್ತಕ್ಕೆ ಇಳಿಸಿ, ಆ ಹತ್ತೂ ನಿಲ್ಲದ ಹಾಗೆ.

ಮಂಗಳವಾರ ಬೆಳಿಗ್ಗೆ ರಾಯ್ಸ್‌ಗೆ ಹೇಳದೆ ಎರಡೂವರೆ ಗಂಟೆ ಕಾರು ಓಡಿಸಿಕೊಂಡು ರಾಜಧಾನಿಗೆ ಹೋದಳು. ಸಮಿತಿಯ ಕೋಣೆಗೆ ಕಾಲಿಟ್ಟವಳು ಬಾಗಿಲಲ್ಲೇ ನಿಂತಳು. ಸೆನೆಟರ್ ಲ್ಯಾಟಿಮೋರ್ ಬೆನ್ನ ಹಿಂದಿನ ಸಾಲಿನಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ರಾಯ್ಸ್ ಹಕಬಿ ಕೂತಿದ್ದ. ಅವಳನ್ನು ನೋಡಿದ. ತಲೆಯಾಡಿಸಲಿಲ್ಲ. ಆಕೆ ಕೊನೆಯ ಸಾಲಿಗೆ ಹೋಗಿ, ಕೈಚೀಲವನ್ನು ಮಡಿಲಲ್ಲಿ ಬಿಗಿಹಿಡಿದು ಕೂತಳು. ಇರಲಿ, ಇವನು ಹೇಳುವುದನ್ನೆಲ್ಲ ಹೇಳಲಿ, ಆಮೇಲೆ ನಾನು ಒಂಬತ್ತನೇ ಪುಟ ಓದುತ್ತೇನೆ, ಇಬ್ಬರ ಮುಖವೂ ನೋಡುತ್ತೇನೆ.

ಅವನ ಹೆಸರೇ ಮೊದಲು ಕರೆದರು. ಮೊಣಕಾಲು ನೀವಿಕೊಳ್ಳುತ್ತ ಎದ್ದು ಮೈಕಿನ ಮುಂದೆ ಬಂದ.

"ನಲವತ್ತು ವರ್ಷ ಜನರ ತಲೆ ಬೋಳಿಸಿದವನು ಸ್ವಾಮಿ ನಾನು. ಎರಡು ನಿಮಿಷದ ಮಾತು ನನಗೆ ಯಾವತ್ತೂ ಸಾಕಾಗಿಲ್ಲ. ಅದಕ್ಕೇ ಇವತ್ತು ಮಾತಾಡಲ್ಲ. ಕೊನೇ ಸಾಲಲ್ಲಿ ಕೂತಿದಾರಲ್ಲ, ಮಿಸಸ್ ಟಿಲ್‌ಮನ್, ನಮ್ಮ ಕೌಂಟಿಯ ಮನೆಮನೆ ಬಾಗಿಲು ಬಲ್ಲವರು. ನನ್ನ ಎರಡು ನಿಮಿಷಾನೂ ಅವರಿಗೇ ಕೊಡಿ. ಅವರು ಮಸೂದೆಯ ಕೊನೇ ಪುಟದವರೆಗೂ ಓದಿರ್ತಾರೆ. ನಾನು ಮೂರನೇ ಪುಟಕ್ಕೇ ನಿದ್ದೆ ಹೋದೆ."

ನಾಲ್ಕಾರು ಜನ ನಕ್ಕರು. ಆರ್ಡಿತ್‌ಗೆ ಏಳಲು ಸ್ವಲ್ಪ ಹೊತ್ತು ಬೇಕಾಯಿತು. ಇದೂ ಯಾವುದೋ ಆಟವೇ ಎಂದು ಮೈಕಿನವರೆಗೆ ನಡೆದುಹೋಗುವಷ್ಟರಲ್ಲೂ ಯೋಚಿಸಿದಳು. ಆದರೆ ಸಿಕ್ಕ ನಾಲ್ಕು ನಿಮಿಷವನ್ನು ಬಿಡಲಿಲ್ಲ. ಮೊದಲ ಪುಟಕ್ಕೆ ನನ್ನ ಒಪ್ಪಿಗೆಯಿದೆ, ಒಂಬತ್ತನೆಯದಕ್ಕೆ ಇಲ್ಲ ಎಂದು ಶುರು ಮಾಡಿ, ನೂರ ಮೂವತ್ತೇಳು ಮನೆಗಳ ಹಳೆಯ ವಿಳಾಸ, ಹೊಸ ವಿಳಾಸ ಎರಡನ್ನೂ ಓದತೊಡಗಿದಳು. ಹದಿನೈದನೆಯದಕ್ಕೆ ಅಧ್ಯಕ್ಷರು ಕೈಯೆತ್ತಿ, "ಅರ್ಥವಾಯಿತಮ್ಮಾ" ಎಂದರು.

"ಇನ್ನೂ ಓಪಲ್ ಡನವೇ ಬಂದಿಲ್ಲ" ಎಂದಳು ಆರ್ಡಿತ್. ಅವಳನ್ನೂ ಓದಿಯೇ ಕೂತಳು.

ಅವತ್ತು ವಿಳಾಸದ ಸಾಲನ್ನು ಸಮಿತಿ ತೆಗೆದುಹಾಕಿತು. ಕೊನೆಯ ದಿನವನ್ನು ಡಿಸೆಂಬರಿನಿಂದ ಮಾರ್ಚಿಗೆ ತಂದರು. ಹೊರಗಿನ ಮೊಗಸಾಲೆಯಲ್ಲಿ ಸೆನೆಟರ್ ಅವಳನ್ನು ಹುಡುಕಿಕೊಂಡು ಬಂದು ಕೈ ಚಾಚಿದ.

"ಒಂಬತ್ತನೇ ಪುಟ ಯಾರು ಬರೆದದ್ದು?" ಎಂದಳು ಕೈ ಕೊಡದೆ.

"ಕರಡು ಮಾಡೋರು ಸೇರಿಸಿರಬೇಕು. ನನ್ನ ಗಮನಕ್ಕೆ ಬರಲಿಲ್ಲ."

"ಇದರಲ್ಲಿ ನಿಮಗೇನು ಲಾಭ?"

ಅವನು ದನಿ ತಗ್ಗಿಸಿದ. "ನಿಮ್ಮೋರು ನಿಂತ್ರೆ ಎದುರು ಪಕ್ಷದ ಓಟು ಒಡೀತಾವೆ ಅಂದ್ರೆ ನಂಬ್ತೀರಾ ಮಿಸಸ್ ಟಿಲ್‌ಮನ್?"

"ಅದನ್ನ ನಂಬ್ತೀನಿ" ಎಂದು ಕೈ ಕುಲುಕಿದಳು. ಕರಡಿನ ಮಾತನ್ನು ಮಾತ್ರ ನಂಬಲಿಲ್ಲ. ಆ ಪುಟ ಯಾರ ಕೈಯಿಂದ ಬಂತೆಂದು ಅವಳಿಗೆ ಕೊನೆಗೂ ತಿಳಿಯಲಿಲ್ಲ.

ರಾಯ್ಸ್ ತನ್ನ ಟ್ರಕ್ಕಿನ ಬಾಗಿಲಿಗೆ ಒರಗಿ ನಿಂತಿದ್ದ. ಆಕೆ ಹತ್ತಿರ ಹೋಗಿ, "ಹಲ್ಲು ಹೇಗಿದೆ?" ಎಂದಳು.

"ಹಲ್ಲಿಗೆ ಏನೂ ಆಗಿಲ್ಲ. ಲ್ಯಾಟಿಮೋರ್‌ನ ಮೊದಲೇ ಒಂದು ಸಲ ಕಂಡಿದ್ದೆ, ಆರ್ಡಿತ್‌ನ ಕರೀರಿ ಅಂದೆ. ಆ ಗುರುವಾರ ಸಹಿ ಹೆಂಗೆ ಹೊಡೆದುಹಾಕ್ತಾರೆ ಅಂತ ಹೇಳ್ತಿದ್ದೆ. ನಾನು ಹೇಳಿ ಕರೆಸಿದ್ದು ಅಂತ ಗೊತ್ತಾದ್ರೆ ನೀನು ಬರ್ತಿದ್ದೆಯಾ?"

ಆಳುವ ಪಕ್ಷದವನ ಜೊತೆ ಇವನಿಗೇನು ವ್ಯವಹಾರ ಎಂದು ಅನುಮಾನಪಡುತ್ತಿದ್ದಳು. ಬರುತ್ತಿರಲಿಲ್ಲ.

"ನಿನ್ನೆ ವಿನೋನಾ ಫೋನ್ ಮಾಡಿದ್ದಳು" ಎಂದ ರಾಯ್ಸ್. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. "ಹಾಳೆಗಳನ್ನ ವಾಪಸ್ ಕಳಿಸು ಅಂದಳು. ನಿನ್ನ ಕಾಗದ ಓದಿ ಹೇಳಿದಳು, ಪೂರ್ತಿ."

"ಅಷ್ಟಾದ ಮೇಲೂ ಬಂದೆಯಾ?"

"ಪಾರ್ಟಿ ನಿನ್ನೊಬ್ಬಳದೇ ಅಲ್ಲವಲ್ಲ." ಟ್ರಕ್ ಹತ್ತಿದ. "ಕೇಳಬಹುದಿತ್ತು ಆರ್ಡಿತ್. ಏಳು ವರ್ಷ ಪಕ್ಕದಲ್ಲೇ ನಿಂತಿದ್ದೆ."

"ಕೇಳಿದೆ. ನೀನು ಹಲ್ಲು ಅಂದೆ."

ಅವನು ಅದೂ ನಿಜವೇ ಎನ್ನುವಂತೆ ತಲೆಯಾಡಿಸಿ ಗಾಡಿ ತೆಗೆದ.

ಏಪ್ರಿಲಿನಲ್ಲಿ ಮಸೂದೆ ಕಾನೂನಾಯಿತು. ಆರ್ಡಿತ್ ವಿನೋನಾಗೆ ಎರಡನೇ ಪತ್ರ ಬರೆದು, ಮೊದಲನೆಯದು ತಪ್ಪು, ತಪ್ಪು ನನ್ನದೇ ಎಂದು ಒಪ್ಪಿಕೊಂಡಳು. ಅದರ ಪ್ರತಿಯನ್ನು ರಾಯ್ಸ್ ಅಂಗಡಿಯ ಬಾಗಿಲ ಸಂದಿಯಲ್ಲಿ ಸಿಕ್ಕಿಸಿ ಬಂದಳು. ಅವನಿಂದ ಮಾತಿಲ್ಲ. ಚಳಿಗಾಲದಲ್ಲಿ ಸಹಿ ಮಾಡಿಸಲು ಒಬ್ಬಳೇ ಹೊರಟಳು. ನಗಿಸುವವನಿಲ್ಲದೆ ಜನ ಬೇಗ ನಿಲ್ಲುತ್ತಿರಲಿಲ್ಲ. ಐದು ವಾರ ಹೀಗೇ ಹೋಯಿತು.

ಆರನೇ ವಾರದ ಶನಿವಾರ ಮೇವಿನ ಅಂಗಡಿಯ ಇನ್ನೊಂದು ಬಾಗಿಲ ಬಳಿ ರಾಯ್ಸ್ ಹಾಳೆ ಹಿಡಿದು ನಿಂತಿದ್ದ. ಯಾರಿಗೋ, "ಸಹಿ ಹಾಕು ಮಾರಾಯ, ನಿನ್ನ ತಲೆಯಲ್ಲಿ ಉಳಿದಿರೋ ಕೂದಲಿಗಿಂತ ಕಡಿಮೆ ಸಾಲು ಓದಬೇಕು ಅಷ್ಟೆ" ಎನ್ನುತ್ತಿದ್ದ. ಆರ್ಡಿತ್ ಆ ಕಡೆ ಹೋಗಲಿಲ್ಲ. ಊಟದ ಹೊತ್ತಿಗೂ ಅವರವರ ಗಾಡಿಯಲ್ಲೇ ಕೂತು ತಿಂದರು. ಸಂಜೆ ಅವನು ಬಂದು ತನ್ನ ಹಾಳೆಗಳನ್ನು ಅವಳ ಗಾಡಿಯ ಮೇಲಿಟ್ಟು, "ಒಂದು ಸಲ ನೋಡಿಬಿಡು" ಎಂದ.

"ನೋಡೋದು ಬೇಡ" ಎಂದಳು ಆರ್ಡಿತ್.

"ನೋಡು. ನೋಡದೆ ಇದ್ರೆ ನಿನಗೆ ನಿದ್ದೆ ಬರಲ್ಲ. ನಂಗೂ ಅನುಮಾನ ಬರುತ್ತೆ, ಇವಳು ಯಾಕೆ ನೋಡಲಿಲ್ಲ ಅಂತ."

ಅವನ ಎದುರಿಗೇ ಒಂದೊಂದು ಸಾಲೂ ನೋಡಿದಳು. ಎರಡು ಕಡೆ ಮನೆ ನಂಬರ್ ತಪ್ಪಿತ್ತು. ಹೇಳಿದಳು. ತಿದ್ದಿಸಿಕೊಂಡು ಬರಲು ಅವನು ಹೋದ.

ಮುಂದಿನ ನವೆಂಬರಿನಲ್ಲಿ ಕಮಿಷನರ್ ಜಾಗಕ್ಕೆ ಎರಡು ಹೆಸರಿದ್ದವು. ಟೌನ್‌ಶಿಪ್ ಪಾರ್ಟಿಯಿಂದ ನಿಂತಿದ್ದ ನಿವೃತ್ತ ಶಾಲಾಬಸ್ ಚಾಲಕಿ ಭಾರಿ ಅಂತರದಲ್ಲಿ ಸೋತಳು. ಆದರೂ ಆರುನೂರ ಹದಿನೆಂಟು ಮತ ಬಂದವು. ಅಷ್ಟು ಜನ ಇದ್ದಾರೆಂದು ಕೌಂಟಿಯಲ್ಲಿ ಯಾರೂ ತಿಳಿದಿರಲಿಲ್ಲ. ರಾಯ್ಸ್ ತನ್ನ ಅಂಗಡಿಯಲ್ಲಿ ಕೂತು, ಯಾರ್ಯಾರು ಹಾಕಿರಬಹುದು ಎಂದು ಬಂದ ಗಿರಾಕಿಗಳ ಮುಖ ನೋಡಿ ಲೆಕ್ಕ ಹಾಕತೊಡಗಿದ್ದ. ಆರ್ಡಿತ್ ಪಕ್ಕದ ಕುರ್ಚಿಯಲ್ಲಿ ಕೂತು, "ಅವನು ಹಾಕಿರಲ್ಲ, ನನಗೆ ಗೊತ್ತು" ಎಂದು ತಗಾದೆ ತೆಗೆಯುತ್ತಿದ್ದಳು.