ದೊಬ್ರಿಲಾ ಓದಿದ ಧಾರಾವಾಹಿಗಳು

ಸೆರ್ಬಿಯಾದ ನಮ್ಮ ಪಿರೋತ್ ಊರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಟೀವಿ ಹಾಕಿದರೆ ತುರ್ಕಿಯವರು ಅಳುತ್ತಾರೆ. ಅವರದು ಮುಗಿಯುತ್ತಲೇ ಮೆಕ್ಸಿಕೋದವರು, ಆಮೇಲೆ ಇಂಡಿಯಾದವರು. ಎಲ್ಲರೂ ಅಳುವುದು ಅವರವರ ಭಾಷೆಯಲ್ಲೇ. ನಮ್ಮ ಸೆರ್ಬಿಯನ್ ಇರುವುದು ಕೆಳಗೆ ಓಡುವ ಅಕ್ಷರಗಳಲ್ಲಿ ಮಾತ್ರ. ಓದು ಬಾರದ ಮುದುಕಿ ಇರುವ ಮನೆಯಲ್ಲಿ ಯಾರಾದರೊಬ್ಬರು ಅದನ್ನು ಗಟ್ಟಿಯಾಗಿ ಓದಲೇಬೇಕು. ನನ್ನ ಎದುರು ಮನೆಯಲ್ಲಿ ಆ ಕೆಲಸ ದೊಬ್ರಿಲಾಳದು. ಹನ್ನೊಂದು ವರ್ಷದಿಂದ ಅವಳೇ ಓದುತ್ತಿದ್ದಳು.

ಅವಳ ಅತ್ತೆ ಯೋರ್ದಾಂಕಾಗೆ ಎಂಬತ್ತೆರಡು. ಹುಡುಗಿಯಾಗಿದ್ದಾಗ ಬೆಟ್ಟದಲ್ಲಿ ಕುರಿ ಕಾದವಳು, ಶಾಲೆಯ ಮುಖ ಕಂಡವಳಲ್ಲ. ಸೊಂಟದ ಮೂಳೆ ಮುರಿದ ಮೇಲೆ ಕಿಟಕಿ ಪಕ್ಕದ ಸೋಫಾ ಬಿಟ್ಟು ಏಳುತ್ತಿರಲಿಲ್ಲ. ನಾಲಿಗೆ ಮಾತ್ರ ಇಪ್ಪತ್ತರ ಹುಡುಗಿಯದು. ದೊಬ್ರಿಲಾಗೆ ಐವತ್ತಾರು. ಹೊಲಿಗೆ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಅಂಗಿಯ ಕಾಲರ್ ಹೊಲಿದಳು; ಅದು ಮುಚ್ಚಿದ ವರ್ಷವೇ ಅತ್ತೆ ಬಿದ್ದದ್ದು. ಗಂಡ ಸ್ರೆತೆನ್ ಲಾರಿ ಓಡಿಸುತ್ತಾನೆ, ತಿಂಗಳಿಗೆರಡು ಸಲ ಮನೆಗೆ ಬಂದು ಮಲಗಿ ಹೋಗುತ್ತಾನೆ. ಹೀಗೆ ಬೆಳಿಗ್ಗೆ ಮಾತ್ರೆ, ಮಧ್ಯಾಹ್ನ ಸೂಪು, ನಾಲ್ಕಕ್ಕೆ ಓದು.

ನಾನು ಪೆರ್ಸಿದಾ. ಅಂಚೆ ಕಚೇರಿಯಿಂದ ನಿವೃತ್ತಳಾಗಿ, ದಿನಾ ನಾಲ್ಕಕ್ಕೆ ಅಲ್ಲಿಗೆ ಕಾಫಿಗೆ ಹೋಗುತ್ತಿದ್ದೆ. ನಿಜ ಹೇಳಬೇಕೆಂದರೆ ಧಾರಾವಾಹಿಗಾಗಿ ಹೋಗುತ್ತಿರಲಿಲ್ಲ, ದೊಬ್ರಿಲಾಳ ಮಾತಿಗಾಗಿ ಹೋಗುತ್ತಿದ್ದೆ. ಅವಳು ಕರೆಂಟ್ ಬಿಲ್ ಓದಿದ ಹಾಗೆ ಏರಿಳಿತವಿಲ್ಲದೆ ಓದುತ್ತಾಳೆ, ನಡುನಡುವೆ ತನ್ನದೊಂದು ಸೇರಿಸುತ್ತಾಳೆ.

“ನೀನಿಲ್ಲದೆ ನಾನು ಬದುಕಲಾರೆ, ಅಂತಾನೆ. ಮೂರು ಕಂತಿಂದ ಬಾಗಿಲಲ್ಲೇ ನಿಂತಿದಾನೆ ಈ ಮನುಷ್ಯ. ಒಳಗಾದ್ರೂ ಬರ್ಲಿ, ಹೊರಗಾದ್ರೂ ಹೋಗ್ಲಿ, ಮನೆಯೆಲ್ಲ ಥಂಡಿ.”

ಇಂಡಿಯಾದವರ ಬಗ್ಗೆ: “ಒಂದ್ ಮಾತಿಗೆ ಮೂರ್ ಸಲ ಗುಡುಗು. ಅಷ್ಟೊಂದು ಒಡವೆ ಹಾಕ್ಕೊಂಡು ಮಲಗಿದ್ರೆ ಕುತ್ತಿಗೆ ನೋಯಲ್ವಾ ಇವರಿಗೆ?”

ಭಾನುವಾರದ ಪೊಲೀಸ್ ಸಿನಿಮಾದಲ್ಲಿ ಗುಂಡೇಟಿಗೆ ಏಳು ಜನ ಬಿದ್ದರು. ದೊಬ್ರಿಲಾ ರಕ್ತವನ್ನೇ ನೋಡುತ್ತಾ, “ಈ ನೆಲ ಒರೆಸೋರು ಯಾರು?” ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ. ಅವಳಿಗೆ ಅದು ನಿಜವಾದ ಪ್ರಶ್ನೆಯೇ ಆಗಿತ್ತು.

ಆ ವರ್ಷ ಈಸ್ಟರ್‌ಗೆ ಸ್ವಲ್ಪ ಮುಂಚೆ, ಸಮುದ್ರದಂಡೆಯ ಸುತೊಮೋರೆಯಿಂದ ಅವಳ ಅಕ್ಕ ಫೋನ್ ಮಾಡಿದಳು. ಬೇಸಿಗೆಯ ಅತಿಥಿಗಳು ಬರುವ ಮೊದಲು, ಜೂನ್‌ನಲ್ಲಿ ಹತ್ತು ದಿನ ಬಂದಿರು, ಕೋಣೆ ಖಾಲಿಯಿದೆ ಎಂದು. ದೊಬ್ರಿಲಾ ಸಮುದ್ರ ನೋಡಿ ಇಪ್ಪತ್ತೈದು ವರ್ಷದ ಮೇಲಾಗಿತ್ತು. ಸ್ರೆತೆನ್‌ನನ್ನು ಕೇಳಿದರೆ “ಅಮ್ಮನ್ನ ಕೇಳು” ಎಂದು ಮಗ್ಗುಲು ಬದಲಿಸಿದ. ಗಂಡಸರಿಗೆ ಅದೆಷ್ಟು ಸುಲಭ.

“ಕೇಳು, ಏನಾಗುತ್ತೆ?” ಎಂದೆ ನಾನು, ಮೆಟ್ಟಿಲ ಮೇಲೆ.

“ಬಾಯಿಗೆ ಬರ್ತಿಲ್ಲ ಪೆರ್ಸಿದಕ್ಕ. ಹನ್ನೊಂದು ವರ್ಷದಲ್ಲಿ ನಾನಾಗಿ ಏನೂ ಕೇಳಿಲ್ಲ. ಹೇಗೆ ಕೇಳೋದು ಅನ್ನೋದೇ ಮರೆತುಹೋಗಿದೆ.”

ಈಸ್ಟರ್ ಮುಗಿದ ಮರುವಾರ ತುರ್ಕಿ ಧಾರಾವಾಹಿಯ ಸೊಸೆ ನೆರ್ಗಿಸ್ ಬಂಗಲೆಯ ಮೆಟ್ಟಿಲ ಮೇಲೆ ನಿಂತು ಕಣ್ಣೀರು ಸುರಿಸಿದಳು. ಕೆಳಗೆ ಬಂದ ಅಕ್ಷರಗಳು: ‘ಪ್ರಾಣ ಹೋದರೂ ಈ ಮನೆ ಬಿಡಲಾರೆ.’

ದೊಬ್ರಿಲಾ ಅದೇ ಬಿಲ್ ಓದುವ ದನಿಯಲ್ಲಿ ಓದಿದಳು: “ನನಗೆ ಸುಸ್ತಾಗಿದೆ. ಹತ್ತು ದಿನ ಅಕ್ಕನ ಮನೆಗೆ ಹೋಗಿ ಬರ್ತೀನಿ.”

ನಾನು ಕಪ್ಪು ಕೆಳಗಿಟ್ಟು ಟೀವಿಯ ಅಕ್ಷರಗಳನ್ನು ಇನ್ನೊಮ್ಮೆ ನೋಡಿದೆ.

“ಇವಳಿಗೆ ಅಕ್ಕ ಇದಾಳಾ?” ಯೋರ್ದಾಂಕಾ ಅಜ್ಜಿ ಕೇಳಿದಳು. “ಇಷ್ಟು ದಿನ ಎಲ್ಲಿದ್ಲು?”

“ಇದಾಳೆ ಅತ್ತೆ. ಸಮುದ್ರದ ಹತ್ರ.”

“ಕೊಬ್ಬು. ಕೂತಲ್ಲಿಗೆ ಊಟ ಬರುತ್ತೆ, ರೇಷ್ಮೆ ಬಟ್ಟೆ. ಇನ್ನು ಸಮುದ್ರ ಬೇರೆ ಬೇಕಂತಾ?”

ದೊಬ್ರಿಲಾ ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಅಲ್ಲಿಂದ ಮುಂದೆ ಎಲ್ಲ ದೇಶದ ಸೊಸೆಯರಿಗೂ ಒಟ್ಟಿಗೇ ಸುಸ್ತಾಯಿತು. ಮೆಕ್ಸಿಕೋದವಳಿಗೆ ಬೆನ್ನುನೋವು ಶುರುವಾಯಿತು. ಇಂಡಿಯಾದವಳು ಗುಡುಗಿನ ನಡುವೆ “ಒಂದ್ ವಾರ ಯಾರಿಗೂ ಸೂಪ್ ಮಾಡಲ್ಲ” ಎಂದಳು. ಅಜ್ಜಿ ಒಬ್ಬೊಬ್ಬಳಿಗೂ ತೀರ್ಪು ಕೊಡುತ್ತಿದ್ದಳು: ಇವಳು ಸೋಮಾರಿ, ಅವಳು ನಾಟಕದವಳು, ಮತ್ತೊಬ್ಬಳನ್ನು ತವರಿನವರೇ ಕೆಡಿಸಿದ್ದು. ಪ್ರತಿ ತೀರ್ಪಿಗೂ ದೊಬ್ರಿಲಾಳ ದನಿ ಇನ್ನಷ್ಟು ತಗ್ಗುತ್ತಿತ್ತು. ಮೇ ತಿಂಗಳು ಮುಗಿಯುತ್ತಾ ಬಂತು. ಶುಕ್ರವಾರದೊಳಗೆ ಹೂಂ ಅಥವಾ ಉಹೂಂ ಹೇಳಬೇಕು, ಇಲ್ಲದಿದ್ದರೆ ಕೋಣೆ ಬೇರೆಯವರಿಗೆ ಎಂದು ಅಕ್ಕ ತಿಳಿಸಿದ್ದಳು.

ಬುಧವಾರ ದೊಬ್ರಿಲಾ ಔಷಧಿ ಅಂಗಡಿಗೆ ಹೋಗಿದ್ದಾಗ ಅಜ್ಜಿ ನನ್ನ ಕಡೆ ತಿರುಗಿದಳು.

“ಪೆರ್ಸಿದಾ, ಆ ಟೀವಿಲಿ ನಿಜವಾಗ್ಲೂ ಬರೆದಿರೋದು ಏನು?”

“ಕನ್ನಡಕ ಮನೇಲಿ ಬಿಟ್ಟು ಬಂದೆ ಅಜ್ಜಿ.”

“ಮೂಗಿನ ಮೇಲೆ ಇರೋದು ಏನು ಹಾಗಾದ್ರೆ?”

ನಾನು ಕನ್ನಡಕ ತೆಗೆದು ಒರೆಸತೊಡಗಿದೆ.

“ನನ್ನ ಗೆಳತಿ ಮಿಲುಂಕಾ ಫೋನ್ ಮಾಡಿದ್ಲು. ಅವಳಿಗೂ ಮೊಮ್ಮಗಳು ಇದನ್ನೇ ಓದಿ ಹೇಳ್ತಾಳೆ. ಆ ನೆರ್ಗಿಸ್‌ಗೆ ಅಕ್ಕ ತಂಗಿ ಯಾರೂ ಇಲ್ವಂತೆ. ಅನಾಥೆಯಂತೆ.” ಅಜ್ಜಿ ಹೊದಿಕೆಯ ಅಂಚನ್ನು ಮಡಿಸಿದಳು, ಬಿಚ್ಚಿದಳು. “ಯಾವಾಗಿಂದ ಹೀಗೆ ಓದ್ತಿದಾಳೆ?”

“ಈಸ್ಟರ್ ಆದ್ಮೇಲಿಂದ.”

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. “ನಾನು ಕೊಬ್ಬು ಅಂದೆ,” ಎಂದಳು. ನನಗೆ ಹೇಳಿದ್ದಲ್ಲ ಅದು.

ಗುರುವಾರ ನಾಲ್ಕಕ್ಕೆ ಮೂವರೂ ಕೂತೆವು. ನೆರ್ಗಿಸ್‌ಳ ಅತ್ತೆ, ಮುತ್ತಿನ ಸರದ ದಪ್ಪ ಹೆಂಗಸು, ಊಟದ ಮೇಜಿನ ತುದಿಯಲ್ಲಿ ಎದ್ದು ನಿಂತಳು. ‘ದೀಪಗಳನ್ನು ಹಚ್ಚಿ, ಅತಿಥಿಗಳು ಬಂದರು’ ಎಂದು ಅಕ್ಷರಗಳು ಮೂಡಿದವು. ದೊಬ್ರಿಲಾ ಬಾಯಿ ತೆರೆಯುವಷ್ಟರಲ್ಲಿ ಯೋರ್ದಾಂಕಾ ಕೈ ಅಡ್ಡ ಹಿಡಿದಳು.

“ಇದನ್ನ ನಾನು ಓದ್ತೀನಿ.”

ಅಕ್ಷರದ ಗಂಧವಿಲ್ಲದವಳು ಟೀವಿಯನ್ನೇ ದಿಟ್ಟಿಸಿ, ಒಂದೊಂದೇ ಮಾತು ಜೋಡಿಸಿ ಹೇಳಿದಳು: “ಹೋಗಿ ಬಾ ಅಂತಿದಾಳೆ. ಹತ್ತು ದಿನ. ಸೂಪು ಪೆರ್ಸಿದಾ ಮಾಡ್ತಾಳಂತೆ.”

ನನ್ನನ್ನು ಯಾರೂ ಕೇಳಿರಲಿಲ್ಲ. ಆದರೂ ಹೂಂ ಎಂದೆ.

ದೊಬ್ರಿಲಾಳ ಕೈ ಮಡಿಲಲ್ಲಿ ನಿಶ್ಚಲವಾಗಿತ್ತು. ಅವಳು ಕುಣಿಯಲಿಲ್ಲ, ಅತ್ತೆಯನ್ನು ಅಪ್ಪಿಕೊಳ್ಳಲಿಲ್ಲ. ಅಷ್ಟೆಲ್ಲ ಮಾಡುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

ಟೀವಿಯ ಅತ್ತೆ ಆಗಲೇ ಮರೆಯಾಗಿ ಸೋಪಿನ ಪುಡಿಯ ಜಾಹೀರಾತು ಬಂದಿತ್ತು. ಯೋರ್ದಾಂಕಾ ಮಾತ್ರ ಇನ್ನೂ ಓದುತ್ತಿದ್ದಳು. “ಇನ್ನೊಂದು ಕೇಳ್ತಿದಾಳೆ,” ಎಂದಳು. ಕೈ ಮತ್ತೆ ಹೊದಿಕೆಯ ಅಂಚನ್ನು ಮಡಿಸತೊಡಗಿತು. “ಹೋದೋಳು ವಾಪಸ್ ಬರ್ತಾಳಾ, ಅಂತ.”

ದೊಬ್ರಿಲಾ ಟೀವಿಯಿಂದ ಕಣ್ಣು ತೆಗೆದು ಅತ್ತೆಯ ಮುಖ ನೋಡಿದಳು.

“ಬರ್ತೀನಿ ಅತ್ತೆ,” ಎಂದಳು. “ಬರದೆ ಇನ್ನೆಲ್ಲಿಗೆ ಹೋಗ್ಲಿ?”

ಮುದುಕಿ ಸಮಾಧಾನದಿಂದ ತಲೆಯಾಡಿಸಿದಳು. ಆ ‘ಇನ್ನೆಲ್ಲಿಗೆ’ ಕೇಳಿ ನನಗೆ ಅಳು ಬಂತು.