ಚಕ್ಕಡಿಯ ಹಿಂದಿನ ಕೆಂಪು ದೀಪ

ಅಸೂಟಿಗೆ ಸೊಸೆಯಾಗಿ ಬಂದ ಮೇಲೆ ನಾನು ಓದಿದ ಬಿ.ಎಸ್ಸಿ. ಉಪಯೋಗಕ್ಕೆ ಬಂದದ್ದು ಒಂದೇ ಕೆಲಸಕ್ಕೆ, ಅದೂ ನನ್ನ ತಲೆ ಕೆಡಿಸುವುದಕ್ಕೆ. ನಮ್ಮ ಮಾವನವರು ಹೊತ್ತು ಮುಳುಗಿದ ಮೇಲೆಯೇ ಹೊಲದಿಂದ ಚಕ್ಕಡಿ ಹೂಡುವವರು. ಬರುವುದು ರೋಣದ ರಸ್ತೆಯ ಮೇಲೆ. ಹಿಂದಿನಿಂದ ಬಸ್ಸು, ಟ್ರ್ಯಾಕ್ಟರು, ಮೋಟರ್ ಸೈಕಲ್ಲು ಎಲ್ಲ ಜೀವದ ಹಂಗಿಲ್ಲದೆ ನುಗ್ಗುತ್ತವೆ. ದೀಪ ಹಾಕೋಣವೆಂದರೆ ಅವರದು ಒಂದೇ ಮಾತು.

"ನನ್ನ ಎತ್ತಿಗೆ ದಾರಿ ಗೊತ್ತೈತಿ ಬಿಡವಾ."

"ಎತ್ತಿಗೆ ಗೊತ್ತೈತ್ರಿ ಮಾವಾರ, ಹಿಂದ ಬರೂ ಬಸ್ಸಿಗೆ ಗೊತ್ತಾಗಬೇಕಲ್ರಿ?"

ಅವರು ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ.

ಔಷಧ ಹೊಡೆಯುವ ಪಂಪಿನ ಹನ್ನೆರಡು ವೋಲ್ಟಿನ ಬ್ಯಾಟರಿ ಮನೆಯಲ್ಲಿತ್ತು. ಅದಕ್ಕೆ ಹೊಂದುವ ಕೆಂಪು ಎಲ್‌ಇಡಿ ಪಟ್ಟಿ ತರಲು ಗಂಡನನ್ನು ರೋಣಕ್ಕೆ ಕಳಿಸಿದರೆ ಐದು ವೋಲ್ಟಿನದನ್ನು ತಂದರು. "ಕೆಂಪು ಅಂದಿ, ಕೆಂಪು ತಂದೀನಿ" ಎಂಬ ಉತ್ತರ ಬೇರೆ. ಹೀಗೆ ಹನ್ನೆರಡನ್ನು ಐದಕ್ಕೆ ಇಳಿಸುವ ಉಸಾಬರಿ ನನ್ನ ಕೊರಳಿಗೆ ಬಿತ್ತು.

ಮೊದಲು ಮೂರು ಕಾಲಿನ ರೆಗ್ಯುಲೇಟರ್ ಹಾಕಿದೆ. ಅಗ್ಗದ್ದು, ಜೋಡಿಸುವುದೂ ಸುಲಭ. ಆದರೆ ಮಿಕ್ಕ ಏಳು ವೋಲ್ಟನ್ನು ಅದು ಬರೀ ಶಾಖ ಮಾಡಿ ಚೆಲ್ಲುತ್ತದೆ. ಮುಟ್ಟಿದರೆ ರೊಟ್ಟಿ ಹಂಚು. ಕಾದಾಗ ತಾನೇ ಬಂದ್ ಆಗಿ ದೀಪ ಆರುತ್ತಿತ್ತು, ತಣ್ಣಗಾದ ಮೇಲೆ ಮತ್ತೆ ಹತ್ತುತ್ತಿತ್ತು. "ಮಿಂಚುಹುಳ ಹಿಡದು ಕಟ್ಟೀಯೇನ?" ಎಂದರು ಅತ್ತೆಯವರು.

ಎರಡನೆಯದು ಬಕ್ ಕನ್ವರ್ಟರ್, ವೋಲ್ಟ್ ಇಳಿಸುವ ಹೆಬ್ಬೆರಳಿನಷ್ಟು ಬೋರ್ಡು. ಅಷ್ಟು ಕಾಯುವುದಿಲ್ಲ, ಬ್ಯಾಟರಿಯೂ ಉಳಿಯುತ್ತದೆ. ಅದರ ಮೇಲೊಂದು ಪುಟ್ಟ ಹಿತ್ತಾಳೆ ಸ್ಕ್ರೂ ಇದೆ. ಅದನ್ನು ತಿರುಗಿಸಿ ಎಷ್ಟು ವೋಲ್ಟ್ ಹೊರಬರಬೇಕೆಂದು ಹೊಂದಿಸಬೇಕು. ಮೀಟರ್ ಹಿಡಿದು ಐದಕ್ಕೆ ನಿಲ್ಲಿಸಿದೆ. ಮರುದಿನ ನೋಡಿದರೆ ಪಟ್ಟಿ ಸುಟ್ಟು ಹೋಗಿತ್ತು.

"ಅದರಾಗಿನ ಸ್ಕ್ರೂ ಸಡಲ ಇತ್ತವಾ," ಮಾವನವರು ಹೆಮ್ಮೆಯಿಂದ ಹೇಳಿದರು. "ಚಕ್ಕಡಿ ಕುಲುಕಾಟಕ್ಕ ಬಿದ್ದಗಿದ್ದೀತಂತ ಬಿಗಿ ಮಾಡೀನಿ."

ಎಷ್ಟು ತಿರುಗಿಸಿದರೂ ಬಿಗಿಯಾಗುವ ಸ್ಕ್ರೂ ಅಲ್ಲ ಅದು. ಅವರೂ ಬಿಡುವವರಲ್ಲ, ತಿರುಗಿಸುತ್ತಲೇ ಹೋಗಿದ್ದಾರೆ, ವೋಲ್ಟ್ ಏರುತ್ತಲೇ ಹೋಗಿದೆ. ಕೂರಿಗೆ, ಕುಂಟೆ, ಪಂಪು ಅಂತ ಸಡಿಲವಾದದ್ದನ್ನೆಲ್ಲ ಬಿಗಿ ಮಾಡುತ್ತಲೇ ಬದುಕಿದವರಿಗೆ ಏನು ಹೇಳುವುದು? ಆದರೂ ಹೇಳಿದೆ. ಹೂಂ ಎಂದರು. ಹೊಸ ಪಟ್ಟಿಯನ್ನೂ ಅದೇ ವಾರ ಸುಟ್ಟರು. ಈ ಸಲ ಸ್ವಲ್ಪವೇ ಬಿಗಿ ಮಾಡಿದ್ದರಂತೆ.

ನನಗೆ ಸಾಕುಸಾಕಾಯಿತು. ಸ್ಕ್ರೂವೇ ಇಲ್ಲದ, ಯಾವಾಗಲೂ ಐದೇ ವೋಲ್ಟ್ ಕೊಡುವ ಬೋರ್ಡು ಹುಡುಕಿ ತರಿಸಿ, ಮೂರನೆಯ ಪಟ್ಟಿಗೆ ಬೆಸುಗೆ ಹಾಕಿ, ಚಕ್ಕಡಿಯ ಹಿಂದೆ ಕಟ್ಟಿ, ಒಂದು ಸ್ವಿಚ್ಚೂ ಇಟ್ಟೆ. ಅಂದು ಕತ್ತಲಾದ ಮೇಲೆ ಚಕ್ಕಡಿ ಅಂಗಳಕ್ಕೆ ಬಂದಾಗ ದೀಪ ಆರಿತ್ತು. ಓಡಿಹೋಗಿ ನೋಡಿದೆ. ಬೋರ್ಡು ಚೆನ್ನಾಗಿಯೇ ಇದೆ, ವಯರೂ ಕಿತ್ತುಹೋಗಿಲ್ಲ. ಸ್ವಿಚ್ಚನ್ನೇ ಆರಿಸಿದ್ದಾರೆ!

"ಹಿಂದ ಯಾರೂ ಇರಲಿಲ್ಲವಾ. ಬ್ಯಾಟರಿ ಸುಮ್ನ ಯಾಕ ಖರ್ಚು ಮಾಡೂದು? ಬಸ್ ಬಂದ್ರ ಹಚ್ಚತೀನಿ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ನೀವು ಬರೂತನಕ ನನ್ನ ಕೈಯಾಗ ರೊಟ್ಟಿ ತಿರಗೂದಿಲ್ಲರಿ ಮಾವಾರ! ರಸ್ತೆದಾಗ ಬ್ರೇಕಿನ ಸಪ್ಪಳಾತಂದ್ರ ಎದಿ ಒಡದಂಗ ಆಗತೈತಿ!" ಎಂದು ಕೂಗಿಬಿಟ್ಟೆ. ಮಾವನ ಮುಂದೆ ಸೊಸೆ ಧ್ವನಿ ಏರಿಸಿದ್ದು ಆ ಮನೆಯಲ್ಲಿ ಅದೇ ಮೊದಲು. ಅತ್ತೆಯವರು ಹೊರಗೆ ಬಂದು ನಿಂತರು. ಎತ್ತು ಬಿಚ್ಚುತ್ತಿದ್ದ ಮಾವನವರ ಕೈ ಅಲ್ಲಿಗೇ ನಿಂತಿತು.

"ಇದನ್ನ ಮೊದಲ ಹೇಳಬಾರದೇನ ಯವ್ವಾ? ನೀ ಬರೇ ವೋಲ್ಟ ವೋಲ್ಟ ಅಂತಿದ್ದಿ."

ಮರುದಿನದಿಂದ ಅವರು ಹೊತ್ತು ಮುಳುಗುವ ಮೊದಲೇ ಮನೆಯಲ್ಲಿರುತ್ತಾರೆ. ನನ್ನ ಬೋರ್ಡು ಕರಾರುವಾಕ್ಕಾಗಿ ಐದು ವೋಲ್ಟ್ ಕೊಡುತ್ತದೆ, ದೀಪ ಹಚ್ಚುವ ಪ್ರಸಂಗವೇ ಬರುವುದಿಲ್ಲ. ಇಷ್ಟು ಬೇಗ ಬರಲು ಆಗುತ್ತಿದ್ದರೆ ಆ ಎರಡು ಪಟ್ಟಿ ಸುಟ್ಟದ್ದು ಯಾವ ಪುರುಷಾರ್ಥಕ್ಕೆ ಎಂದು ಈಗಲೂ ಸಿಟ್ಟು ಬರುತ್ತದೆ. ಅವರು ಕೈಕಾಲು ತೊಳೆದು ಚಹಾ ಕೇಳುವಾಗ ಅಂಗಳದಲ್ಲಿ ಇನ್ನೂ ಬಿಸಿಲಿರುತ್ತದೆ.